ಹಮದ್ ಟೌನಿನಲ್ಲಿ ಒಂದು ಲೂಸಿಯಾನಾ

ವಿಮಾನ ನಿಲ್ದಾಣ

ಬಹ್ರೈನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮೂರಿನವರು ಮೊದಲು ಕೇಳುವುದು ಚಿನ್ನದ ವಿಚಾರ, ಆಮೇಲೆ ಸೆಕೆಯ ವಿಚಾರ. ಚಿನ್ನದಂಗಡಿಯ ಮೆಟ್ಟಿಲನ್ನು ನಾನು ಹತ್ತಲೇ ಇಲ್ಲ. ಸೆಕೆಯನ್ನು ಮಾತ್ರ ಹೊಟ್ಟೆ ತುಂಬ ಉಂಡು ಬಂದೆ. ಇವೆರಡನ್ನು ಬಿಟ್ಟರೆ ಆ ದ್ವೀಪದಲ್ಲಿ ನಾನು ಚೆನ್ನಾಗಿ ನೋಡಿದ್ದು ಅಮೆರಿಕದ ದಕ್ಷಿಣದಲ್ಲಿರುವ ಲೂಸಿಯಾನಾ ಎಂಬ ರಾಜ್ಯವನ್ನು. ನಗಬೇಡಿ. ನನ್ನ ರಜೆಯ ಮುಕ್ಕಾಲು ಪಾಲು ಕಳೆದದ್ದು ಆ ರಾಜ್ಯದ ನದಿ, ಬೆಳೆ, ಕೈಗಾರಿಕೆಗಳ ಜೊತೆಗೆ. ಗ್ರಹಚಾರ ಎಂದರೆ ಇದು.

ನಾನು ಮೂಲ್ಕಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಕನ್ನಡ ಮಾಧ್ಯಮ. ಮದುವೆಯಾಗಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ತಂಗಿ ವಸಂತಿ, ಅವಳ ಗಂಡ ಸುಧಾಕರ, ಆಗ ಐದನೇ ಕ್ಲಾಸಿನಲ್ಲಿದ್ದ ಒಬ್ಬಳೇ ಮಗಳು ನಿಶ್ಮಿತಾ, ಇಷ್ಟು ಜನ ಬಹ್ರೈನಿನಲ್ಲಿದ್ದಾರೆ. ಬೇಸಿಗೆ ರಜೆಗೆ ನಾನು ಹೊರಟದ್ದು ಊರು ನೋಡಲು ಎಂದು ಹೇಳಿಕೊಂಡು. ನಿಜವಾಗಿ ಹೊರಟದ್ದು ನಿಶ್ಮಿತಾಳನ್ನು ಕರೆದುಕೊಂಡು ಬರಲು.

ನಮ್ಮ ಕಡೆಯ ಗಲ್ಫಿನವರಿಗೆಲ್ಲ ಆಗ ಒಂದೇ ಜಪ. ಊರಿನಲ್ಲಿ ಮೆಡಿಕಲ್ ಸೀಟು ಬೇಕಾದರೆ ಮಕ್ಕಳು ಏಳು ವರ್ಷ ಕರ್ನಾಟಕದಲ್ಲೇ ಓದಿರಬೇಕು. ಬೆರಳು ಮಡಚಿ ಲೆಕ್ಕ ಹಾಕಿದರೆ ಆರನೇ ಕ್ಲಾಸಿಗೇ ಊರಿಗೆ ಕಳಿಸಬೇಕು. ಹಾಗೆ ಬಂದ ಮಕ್ಕಳು ನಮ್ಮ ಸುತ್ತಮುತ್ತ ಬೇಕಾದಷ್ಟು ಇದ್ದರು, ಅಜ್ಜಿಯ ಮನೆಯಲ್ಲಿ, ಮಾವನ ಮನೆಯಲ್ಲಿ, ಹಾಸ್ಟೆಲಿನಲ್ಲಿ. ನಿಶ್ಮಿತಾ ನನ್ನ ಮನೆಗೆ ಬರುವುದೆಂದು ಫೋನಿನಲ್ಲೇ ತೀರ್ಮಾನವಾಗಿತ್ತು. ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದೆ, ಹೊಸ ಮಂಚ ಮಾಡಿಸಿದೆ, ಇಂಗ್ಲಿಷ್ ಮೀಡಿಯಂ ಶಾಲೆಯ ಹೆಡ್‌ಮಾಸ್ಟರ ಬಳಿ ಹೋಗಿ ಸೀಟಿಗೂ ಹೇಳಿಟ್ಟೆ. ನನಗೆ ಆಸೆಯಾಗಿತ್ತು. ಸಂಜೆ ಶಾಲೆಯಿಂದ ಬಂದರೆ ಮನೆಯಲ್ಲಿ ನನ್ನದೇ ಕೆಮ್ಮು ಬಿಟ್ಟು ಬೇರೆ ಸದ್ದಿಲ್ಲ. ಒಂದು ಮಗು ಓಡಾಡಿದರೆ ಎಷ್ಟು ಚೆಂದ ಎಂದು ವಿಮಾನದಲ್ಲಿ ಕುಳಿತೂ ಅದನ್ನೇ ಯೋಚಿಸಿದೆ.

ಬಹ್ರೈನಿನ ನಿಲ್ದಾಣದಲ್ಲಿ ಕಸ್ಟಮ್ಸಿನವ ನನ್ನ ಪೆಟ್ಟಿಗೆಯಿಂದ ಒಣ ಸಿಗಡಿಯ ಪೊಟ್ಟಣ ತೆಗೆದು ಮೂಸಿದ. ಮುಖ ಹಿಂಡಿದ. ಪಕ್ಕದವನನ್ನು ಕರೆದು ಅವನಿಗೂ ಮೂಸಲು ಕೊಟ್ಟ. ಅವನು ಮೂರನೆಯವನನ್ನು ಕರೆದ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಮೂವರೂ ನಗಾಡಿ ಪೊಟ್ಟಣ ವಾಪಸು ಕೊಟ್ಟರು. ಹೊರಗೆ ಬಂದರೆ ಸುಧಾಕರರು, "ಹೇಗಿದ್ದೀರಿ ಅಕ್ಕ?" ಎಂದು ಕೇಳುವುದನ್ನು ಬಿಟ್ಟು, "ಗಸಗಸೆ ತರ್ಲಿಲ್ಲ ಅಲ್ವಾ?" ಎಂದು ಕೇಳಿದರು. ಅದು ಅಫೀಮಿನ ಗಿಡದ ಬೀಜವೆಂದು ಅಲ್ಲಿ ಗಸಗಸೆ ತಂದರೆ ಜೈಲಂತೆ. ನಾನು ಯಾಕೆ ತರಲಿ ಮಾರಾಯರೆ, ಪಾಯಸ ಮಾಡಲು ಬಂದವಳಾ ನಾನು?

ವಸಂತಿ ಬಂದು ಅಪ್ಪಿಕೊಂಡಳು. ಅಪ್ಪಿಕೊಂಡಲ್ಲೇ ಕಿವಿಯ ಹತ್ತಿರ ಬಾಯಿ ತಂದು, "ಅಕ್ಕ, ನಿಶುಗೆ ಇನ್ನೂ ಹೇಳ್ಲಿಲ್ಲ. ನೀನು ಸುಮ್ನೆ ತಿರುಗ್ಲಿಕ್ಕೆ ಬಂದದ್ದು, ಆಯ್ತಾ?" ಎಂದಳು.

"ಹೇಳ್ಲಿಲ್ವಾ! ಮತ್ತೆ ಯಾವಾಗ ಹೇಳುದು?"

"ಹೇಳುವ, ಹೇಳುವ. ಶಾಲೆಯ ಪ್ರಾಜೆಕ್ಟ್ ಒಂದು ಮುಗೀಲಿ."

ಅಷ್ಟರಲ್ಲಿ ಆ ಹುಡುಗಿ ಎರಡು ಜಡೆ ಕುಣಿಸುತ್ತ ಬಂದು ನನ್ನ ಕೈಚೀಲ ಹಿಡಿದುಕೊಂಡಳು. "ದೊಡ್ಡಮ್ಮ, ನಿಮ್ಗೆ ಲೂಸಿಯಾನಾ ಗೊತ್ತುಂಟಾ?" ಎಂಬುದೇ ಅವಳ ಮೊದಲ ಮಾತು.

ಹಮದ್ ಟೌನ್

ಅವರ ಮನೆ ಹಮದ್ ಟೌನಿನಲ್ಲಿ. ಈ ಊರಿನ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ನಮ್ಮಲ್ಲಿ ವಿಳಾಸ ಹೇಳುವುದೆಂದರೆ ಅಶ್ವತ್ಥ ಕಟ್ಟೆ, ಸೊಸೈಟಿ, ಡಾಕ್ಟರ ಮನೆ ಎಂದು ಹೇಳುತ್ತೇವೆ. ಇಲ್ಲಿ ಇರುವುದು ರೌಂಡ್ ಅಬೌಟುಗಳು, ಒಂದೊಂದಕ್ಕೆ ಒಂದೊಂದು ನಂಬರು. ಸುತ್ತ ಒಂದೇ ಬಣ್ಣದ, ಒಂದೇ ಎತ್ತರದ ಮನೆಗಳು. ಎರಡನೇ ದಿನ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಕೊಡೆ ಹಿಡಿದು ಹೊರಟವಳು ಹಿಂದೆ ಬರುವ ದಾರಿ ಕಳೆದುಕೊಂಡೆ. ರಸ್ತೆಯಲ್ಲಿ ಕಾಲ್ನಡಿಗೆಯ ಜೀವ ನಾನೊಬ್ಬಳೇ. ಕಾರುಗಳಲ್ಲಿದ್ದವರೆಲ್ಲ ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು. ಕೊನೆಗೆ ಕಪ್ಪು ಅಬಾಯಾ ತೊಟ್ಟ ಒಬ್ಬಾಕೆ ಕಾರು ನಿಲ್ಲಿಸಿ, ಬಾಗಿಲು ತೆರೆದು, "ಯಾವ ರೌಂಡ್ ಅಬೌಟ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು, "ಹುಲ್ಲು ಇರುವುದು" ಎಂದೆ. ಆಕೆ ತಲೆ ಮೇಲೆ ಕೈಯಿಟ್ಟಳು. ಹುಲ್ಲಿನ ಒಂದೊಂದು ವೃತ್ತವನ್ನೂ ಸುತ್ತಿಸಿ, ವಸಂತಿ ಬಾಗಿಲಲ್ಲಿ ಅಳುಮುಖ ಮಾಡಿ ನಿಂತದ್ದು ಕಾಣುವವರೆಗೆ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

"ಇಲ್ಲಿ ಯಾರೂ ನಡೆಯುದಿಲ್ಲ ಅಕ್ಕ!" ಎಂದು ವಸಂತಿ ನನಗೇ ಬೈದಳು.

ನೋಡಬೇಕೆಂದು ನಾನು ಊರಿನಿಂದಲೇ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಮರುಭೂಮಿಯ ನಡುವೆ ಒಂಟಿಯಾಗಿ ನಿಂತ ಹಳೆಯ ಮರವನ್ನು. ಅದನ್ನು ಕೇಳಿದರೆ ಸುಧಾಕರರು, "ಮರ ನೋಡ್ಲಿಕ್ಕೆ ಮೂಲ್ಕಿಯಿಂದ ಬರ್ಬೇಕಾ ಅಕ್ಕ?" ಎನ್ನುತ್ತಿದ್ದರು. ಕೋಟೆ ಕೇಳಿದರೆ, "ಪ್ರಾಜೆಕ್ಟ್ ಮುಗೀಲಿ." ಮನಾಮದ ಪೇಟೆ ಕೇಳಿದರೆ, "ಪ್ರಾಜೆಕ್ಟ್ ಮುಗೀಲಿ." ಮನೆಯಲ್ಲಿ ದೇವರ ನಾಮಕ್ಕಿಂತ ಹೆಚ್ಚು ಸಲ ಈ ಮಾತು ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು.

ಪ್ರಾಜೆಕ್ಟು ಏನೆಂದರೆ, ನಿಶ್ಮಿತಾಳ ಶಾಲೆಯಲ್ಲಿ ಟೀಚರುಗಳು ಅಮೆರಿಕದವರು. ಅವಳ ಟೀಚರು ಮಿಸ್ ಕ್ಯಾರಲ್ ಎಂಬಾಕೆ ಮಕ್ಕಳಿಗೆಲ್ಲ ಅಮೆರಿಕದ ಒಂದೊಂದು ರಾಜ್ಯ ಹಂಚಿದ್ದಳು. ಮೇ ಕೊನೆಯಲ್ಲಿ ಶಾಲೆಯ ಹಾಲಿನಲ್ಲಿ ಪ್ರದರ್ಶನ. ಒಬ್ಬೊಬ್ಬರಿಗೆ ಒಂದು ಮೇಜು, ಮೇಜಿನ ಮೇಲೆ ರಾಜ್ಯದ ಮಾದರಿ, ತಿಂಡಿ, ಮತ್ತು ಐದು ನಿಮಿಷದ ಭಾಷಣ. ಈ ಹುಡುಗಿಗೆ ಬಂದದ್ದು ಲೂಸಿಯಾನಾ.

ಭೂಗೋಳ ಎಂದ ಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಎನ್‌ಸೈಕ್ಲೋಪೀಡಿಯದ ಎಲ್ ಸಂಪುಟ ತರಿಸಿ, ನಮ್ಮ ಶಾಲೆಯಲ್ಲಿ ಮಾಡುವ ಹಾಗೆ ತಲೆಬರಹ ಹಾಕಿಸಿದೆ. ಸ್ಥಾನ, ಮೇಲ್ಮೈ ಲಕ್ಷಣ, ವಾಯುಗುಣ, ಬೆಳೆಗಳು, ಕೈಗಾರಿಕೆಗಳು, ಪ್ರೇಕ್ಷಣೀಯ ಸ್ಥಳಗಳು. ಜಗತ್ತಿನ ಯಾವ ಊರನ್ನೂ ಈ ಆರರಲ್ಲಿ ತುಂಬಿಸಬಹುದೆಂದು ನಾನು ನಂಬಿದವಳು.

ಓದುತ್ತ ಹೋದರೆ ನನಗೇ ಕುತೂಹಲವಾಯಿತು. ಬೂಟಿನ ಆಕಾರದ ರಾಜ್ಯ. ಮಿಸಿಸಿಪ್ಪಿ ಎಂಬ ಮಹಾನದಿ ಅರ್ಧ ದೇಶದ ಮಣ್ಣನ್ನು ಹೊತ್ತು ತಂದು ಅಲ್ಲಿ ಸಮುದ್ರಕ್ಕೆ ಸೇರುತ್ತದೆ. ಎಲ್ಲಿ ನೋಡಿದರೂ ಹಿನ್ನೀರು, ಜೌಗು, ಅದರಲ್ಲಿ ಮೊಸಳೆ. ಸೆಕೆ ಮತ್ತು ಮಳೆ ನಮ್ಮ ಕರಾವಳಿಯ ಹಾಗೆ. ಬತ್ತ, ಕಬ್ಬು, ಗೆಣಸು ಬೆಳೆಯುತ್ತಾರೆ. ಸಿಗಡಿ, ಏಡಿ, ಮಳಿ ಎಂಬ ಚಿಪ್ಪುಮೀನು ಹಿಡಿಯುತ್ತಾರೆ, ಅನ್ನದ ಜೊತೆಗೆ ಖಾರದ ಸಾರು ಮಾಡಿ ತಿನ್ನುತ್ತಾರೆ. ಇದು ಅಮೆರಿಕವೋ ನಮ್ಮ ಪಕ್ಕದ ಹೆಜಮಾಡಿಯೋ ಎಂದು ಅನುಮಾನ ಬರಬೇಕು! ಇನ್ನೊಂದು ಕಡೆ ಎಣ್ಣೆ ಬಾವಿ, ಗ್ಯಾಸು, ಉಪ್ಪು, ಗಂಧಕ, ದೊಡ್ಡ ದೊಡ್ಡ ರಿಫೈನರಿ, ಸರೋವರದ ಮೇಲೆ ಮುಗಿಯದಷ್ಟು ಉದ್ದದ ಸೇತುವೆ. ಆ ಮಟ್ಟಿಗೆ ಅದು ಬಹ್ರೈನ್. ನ್ಯೂ ಆರ್ಲಿಯನ್ಸ್ ಎಂಬ ಅವರ ಪೇಟೆಯಲ್ಲಿ ನೆಲ ಅಗೆದರೆ ನೀರು ಬರುವುದರಿಂದ ಸತ್ತವರನ್ನು ನೆಲದ ಮೇಲೆಯೇ ಗೂಡು ಕಟ್ಟಿ ಇಡುತ್ತಾರಂತೆ.

"ನಮ್ಮ ಮನೆ ಹತ್ರ ಕೂಡ ಹಾಗೇ ಉಂಟಲ್ಲ ದೊಡ್ಡಮ್ಮ" ಎಂದು ನಿಶ್ಮಿತಾ ಕಿಟಕಿ ತೋರಿಸಿದಳು. ಹೌದು, ಹಮದ್ ಟೌನಿನ ಪಕ್ಕದಲ್ಲೇ ಸಾವಿರಾರು ವರ್ಷ ಹಳೆಯ ಗೋರಿಯ ದಿಬ್ಬಗಳ ಸಾಲು. ಅದನ್ನು ನೋಡಲು ದೂರದ ದೇಶಗಳಿಂದ ಜನ ಬರುತ್ತಾರಂತೆ. ನನಗೆ ಹತ್ತು ನಿಮಿಷದ ದಾರಿ ನಡೆಯಲೂ ಬಿಡುವಿಲ್ಲ.

ಬುದಯ್ಯ

ಮಾದರಿ ಮಾಡಲು ಜೇಡಿಮಣ್ಣು ಬೇಕು. ಮಿಸಿಸಿಪ್ಪಿಯನ್ನು ಥರ್ಮೋಕೋಲಿನಲ್ಲಿ ಮಾಡುವುದು ನನ್ನ ಮರ್ಯಾದೆಗೆ ಕಡಿಮೆ ಎಂದು ಹಟ ಹಿಡಿದೆ. ಅದು ನನ್ನದೇ ದಡ್ಡತನ, ಯಾರನ್ನೂ ದೂರುವ ಹಾಗಿಲ್ಲ. ಆ ದೇಶದಲ್ಲಿ ಇರುವುದು ಮರಳು. ಎಷ್ಟು ನೀರು ಹಾಕಿ ನಾದಿದರೂ ಒಣಗಿದ ಮೇಲೆ ಉದುರಿ ಮರಳೇ ಆಗುತ್ತದೆ.

ಪಕ್ಕದ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಇದಿನಬ್ಬರು ನಮ್ಮ ಉಳ್ಳಾಲದ ಕಡೆಯವರು. ಅವರಿಗೆ ಒಂದು ಪಿಕಪ್ ವ್ಯಾನಿತ್ತು. ನನ್ನ ಬೇಡಿಕೆ ಕೇಳಿ ಅವರು ತಕ್ಕಡಿ ಬಿಟ್ಟು ನಿಂತರು.

"ಕೆಸರಾ ಟೀಚರಮ್ಮ? ಇಲ್ಲಿ ಎಣ್ಣೆ ಕೇಳಿ, ಮುತ್ತು ಕೇಳಿ, ಕೊಡುವ. ಕೆಸರು ಎಲ್ಲಿಂದ ತರುದು ಮಾರಾಯ್ರೆ?"

ಆದರೂ ಮರುದಿನ ನನ್ನನ್ನೂ ನಿಶ್ಮಿತಾಳನ್ನೂ ಕೂರಿಸಿಕೊಂಡು ಬುದಯ್ಯ ಎಂಬ ಹಳ್ಳಿಗೆ ಹೊರಟರು. ಅಲ್ಲಿ ಖರ್ಜೂರದ ತೋಟಗಳಿವೆ, ನೀರು ಹರಿಯುವ ಸಣ್ಣ ಕಣಿಗಳಿವೆ. ಇದಿನಬ್ಬರ ಪರಿಚಯದ ಮುದುಕರೊಬ್ಬರ ತೋಟ. ನನಗೆ ಬೇಕಾದದ್ದೇನೆಂದು ಇದಿನಬ್ಬರು ಅರಬಿಯಲ್ಲಿ ಹೇಳಿದಾಗ ಮುದುಕರು ನನ್ನ ಮುಖ ನೋಡಿದರು, ಕಣಿ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಚಾಪೆ ಹಾಕಿ ಕೂರಿಸಿ ಕಾಫಿ ತರಿಸಿದರು.

ಈ ಕಾಫಿ ಇನ್ನೊಂದು ಕಥೆ. ಹಳದಿ ಬಣ್ಣ, ಏಲಕ್ಕಿ ಪರಿಮಳ, ಹಾಲಿಲ್ಲ, ಸಕ್ಕರೆಯಿಲ್ಲ. ಕೊಟ್ಟದ್ದನ್ನು ಉಳಿಸಬಾರದೆಂದು ನಮ್ಮ ತಾಯಿ ಕಲಿಸಿದ ಪಾಠ, ನಾನು ಪೂರ್ತಿ ಕುಡಿದೆ. ಕೂಡಲೇ ಮುದುಕರ ಮಗ ಮತ್ತೆ ಸುರಿದ. ಅದನ್ನೂ ಕುಡಿದೆ. ಮತ್ತೆ ಸುರಿದ. ಹೊಟ್ಟೆ ಕಹಿಯಾಗಿ ಕಣ್ಣು ಕತ್ತಲೆ ಬರುವ ಹೊತ್ತಿಗೆ ನಿಶ್ಮಿತಾ ನಗು ತಡೆಯಲಾರದೆ, "ದೊಡ್ಡಮ್ಮ, ಕಪ್ ಶೇಕ್ ಮಾಡಿ, ಇಲ್ಲದಿದ್ರೆ ಅವ್ರು ನಿಲ್ಸುದಿಲ್ಲ" ಎಂದಳು. ಆ ಪುಟ್ಟ ಬಟ್ಟಲನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಮಾತ್ರ ಸಾಕು ಎಂದರ್ಥ. ಇದನ್ನು ಮೊದಲೇ ಹೇಳಲಿಕ್ಕೆ ಇವಳಿಗೆ ಏನಾಗಿತ್ತು?

ಕೆಸರು ಸಿಕ್ಕಿತು, ಒಂದು ಎಣ್ಣೆ ಡಬ್ಬಿ ತುಂಬ. ನಿಶ್ಮಿತಾ ಮೊಣಕಾಲವರೆಗೆ ಕಣಿಗಿಳಿದು, ಮುದುಕರ ಜೊತೆ ಪಟಪಟನೆ ಅರಬಿ ಮಾತಾಡುತ್ತ, ತಾನೇ ಬಾಚಿ ತುಂಬಿಸಿದಳು. ನಾನು ಇದಿನಬ್ಬರ ಪಕ್ಕ ನಿಂತು ನೋಡುತ್ತಿದ್ದೆ.

"ಚುರುಕು ಹುಡುಗಿ" ಎಂದರು ಇದಿನಬ್ಬರು. ಆಮೇಲೆ ಸ್ವರ ತಗ್ಗಿಸಿ, "ಜೂನಿಗೆ ಕರ್ಕೊಂಡು ಹೋಗುದಂತೆ ಅಲ್ವಾ? ನನ್ನ ಎರಡು ಮಕ್ಕಳನ್ನು ಸಹ ಹಾಗೇ ಕಳಿಸಿದ್ದು. ಈಗ ಫೋನಲ್ಲಿ ನನ್ನತ್ರ ಹ್ಞಾಂ, ಹ್ಞೂಂ ಅಂತ ಎರಡೇ ಮಾತು" ಎಂದರು.

"ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಇಡೀ ಹಮದ್ ಟೌನಿಗೆ ಗೊತ್ತುಂಟು."

ಗೊತ್ತಿಲ್ಲದ್ದು ಹೋಗಬೇಕಾದವಳಿಗೆ ಒಬ್ಬಳಿಗೆ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ನನ್ನ ತಂಗಿ ಮತ್ತು ಅವಳ ಗಂಡನ ವ್ಯವಹಾರ. ನನಗೆ ಎಷ್ಟು ಸಿಟ್ಟು ಬಂತೆಂದರೆ ಬರುವ ದಾರಿಯಲ್ಲಿ ಸಮುದ್ರ ಕಂಡರೂ ನೋಡಲಿಲ್ಲ.

ಸಿತ್ರಾ

ಸುಧಾಕರರಿಗೆ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಪಾಳಿ ಲೆಕ್ಕ, ಕಂಪೆನಿಯ ಬಸ್ಸು. ಒಳ್ಳೆಯ ಮನುಷ್ಯ, ದುಡಿದು ದಣಿದವರು. ಕೈಗಾರಿಕೆಗಳು ಎಂಬ ತಲೆಬರಹಕ್ಕೆ ರಿಫೈನರಿ ಹೇಗಿರುತ್ತದೆಂದು ತೋರಿಸಲು ರಜೆಯ ದಿನ ನಮ್ಮನ್ನು ಕಾರಿನಲ್ಲಿ ಅತ್ತ ಕರೆದೊಯ್ದರು. ಕೊಳವೆಗಳು, ಬೆಳ್ಳಿಯ ಬಣ್ಣದ ಟಾಂಕಿಗಳು, ಬೆಂಕಿ ಉಗುಳುವ ಉದ್ದದ ಚಿಮಣಿ. ನಾನು ಕೆಳಗಿಳಿದು ಕ್ಯಾಮೆರಾ ತೆಗೆದೆ.

ಎಲ್ಲಿದ್ದನೋ ಏನೋ, ಒಬ್ಬ ಕಾವಲಿನವ ಕೂಗುತ್ತ ಓಡಿ ಬಂದು ಅದನ್ನು ಕಿತ್ತುಕೊಂಡ. ಸುಧಾಕರರ ಮುಖ ಬಿಳಿಚಿತು. ಅರಬಿಯಲ್ಲಿ ಏನೇನೋ ಬೇಡಿಕೊಂಡರು, ನನ್ನನ್ನು ತೋರಿಸಿ 'ಮುದರ್ರಿಸಾ, ಮುದರ್ರಿಸಾ' ಎಂದರು, ಟೀಚರು ಎಂದು. ಅವನು ಕ್ಯಾಮೆರಾ ಕೊಟ್ಟ, ಆದರೆ ರೀಲು ಎಳೆದು ಬಿಸಿಲಿಗೆ ಹಿಡಿದ ಮೇಲೆ. ಅದರಲ್ಲೇ ಬುದಯ್ಯದ ಮುದುಕರಿದ್ದರು, ಕೆಸರಿನಲ್ಲಿ ನಿಂತ ನಿಶ್ಮಿತಾ ಇದ್ದಳು. ಎಲ್ಲ ಹೋಯಿತು. ಅದಕ್ಕೇ ಈ ಬರಹದ ಜೊತೆ ಒಂದು ಫೋಟೋ ಸಹ ಇಲ್ಲ, ಓದುಗರು ಕ್ಷಮಿಸಬೇಕು.

ಹುಡುಗಿ ಐಸ್‌ಕ್ರೀಮಿಗೆಂದು ಇಳಿದಾಗ ನಾನು ಕೇಳಿಯೇ ಬಿಟ್ಟೆ. "ಸುಧಾಕರರೇ, ಅವಳಿಗೆ ಯಾವಾಗ ಹೇಳುದು? ವಿಮಾನದ ಮೆಟ್ಟಿಲ ಮೇಲೆಯಾ?"

"ವಸಂತಿ ಹೇಳ್ತಾಳೆ ಅಕ್ಕ."

"ವಸಂತಿ, ನೀವು ಹೇಳ್ತೀರಿ ಅಂತಾಳೆ."

"ಮತ್ತೆ ನೀವೇ ಹೇಳಿ. ನೀವು ಟೀಚರಲ್ವಾ, ಮಕ್ಕಳಿಗೆ ಹೇಗೆ ಹೇಳುದು ಅಂತ ನಿಮ್ಗೆ ಗೊತ್ತುಂಟು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ನಡುವೆ ನೊಗ ನನ್ನ ಹೆಗಲಿಗೆ. ನಾನು ಹೇಳುವುದಿಲ್ಲ ಎಂದೆ. ಹೇಳದೆ ಇದ್ದದ್ದಕ್ಕೆ ನನಗೂ ಒಂದು ಕಾರಣವಿತ್ತು. ಹೇಳಿದರೆ ಅವಳು ಬರುವುದಿಲ್ಲ ಎಂದರೆ ಏನು ಮಾಡುವುದು ಎಂಬ ಹೆದರಿಕೆ.

ಊಟದ ಮೇಜು

ಬುದಯ್ಯದ ಕೆಸರು ಒಣಗಿದಾಗ ಲೂಸಿಯಾನಾದ ಮೇಲೆಲ್ಲ ಬಿಳಿ ಪುಡಿ ಎದ್ದಿತು. ಮಣ್ಣಿನೊಳಗೂ ಉಪ್ಪು, ಹಾಳಾದ್ದು. "ದೊಡ್ಡಮ್ಮ, ಸ್ನೋ ಬಿತ್ತು!" ಎಂದು ನಿಶ್ಮಿತಾ ಕುಣಿದಳು. ಮಿಸಿಸಿಪ್ಪಿ ಮೂರು ಕಡೆ ಬಿರುಕು ಬಿಟ್ಟಿತ್ತು. ಕುಚ್ಚಲಕ್ಕಿಯ ಗಂಜಿತಿಳಿ ಹಚ್ಚಿ, ಬಣ್ಣ ಬಳಿದು, ಹೇಗೋ ಹೊಂದಿಸಿದೆವು.

ಜಗಳವಾದದ್ದು ಭಾಷಣದ ವಿಚಾರಕ್ಕೆ. ನನ್ನ ಆರು ತಲೆಬರಹಗಳನ್ನು ಅವಳು ಇಂಗ್ಲಿಷಿನಲ್ಲಿ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಆದರೆ ಮಿಸ್ ಕ್ಯಾರಲ್ ಮಕ್ಕಳಿಗೆ, ನಿಮಗೆ ಆಶ್ಚರ್ಯವಾದ ಒಂದು ವಿಷಯವನ್ನು ಸ್ವಂತ ಮಾತಿನಲ್ಲಿ ಹೇಳಬೇಕು ಎಂದಿದ್ದಳಂತೆ. ಭೂಗೋಳದಲ್ಲಿ ಆಶ್ಚರ್ಯಪಡಲಿಕ್ಕೆ ಏನುಂಟು? ಮಳೆ ಬಂದಲ್ಲಿ ಬತ್ತ ಬೆಳೆಯುತ್ತದೆ, ಅಷ್ಟೇ.

"ನನ್ಗೆ ಈ ಜನರದ್ದು ಹೇಳ್ಬೇಕು ದೊಡ್ಡಮ್ಮ" ಎಂದು ಅವಳು ಪುಟ ತೋರಿಸಿದಳು. ಲೂಸಿಯಾನಾದ ಜೌಗಿನಲ್ಲಿ ಫ್ರೆಂಚ್ ಮಾತಾಡುವ ಒಂದು ಜನ. ಅವರ ಹಿರಿಯರು ಕೆನಡಾದ ಕಡೆ ಇದ್ದವರಂತೆ. ಇಂಗ್ಲಿಷರು ಅವರನ್ನು ಮನೆಯಿಂದ ಎಬ್ಬಿಸಿ ಹಡಗುಗಳಿಗೆ ತುಂಬಿ ದೂರ ಕಳಿಸಿಬಿಟ್ಟರು. ಅಲೆದು ಅಲೆದು ಅವರಲ್ಲಿ ಕೆಲವರು ಲೂಸಿಯಾನಾಕ್ಕೆ ಬಂದು ಸೇರಿದರು.

"ಅದು ಇತಿಹಾಸ. ಭೂಗೋಳದಲ್ಲಿ ಬರುದಿಲ್ಲ" ಎಂದೆ.

"ಬಟ್ ಮಕ್ಳು ಸಹ ಇದ್ರು. ಮಕ್ಳು ಎಂತ ಹೇಳಿದ್ರು?"

"ಮಕ್ಕಳು ಹೇಳುವುದನ್ನು ಯಾರು ಬರೆದಿಡ್ತಾರೆ? ನೀನು ಬೆಳೆಗಳು ಒಪ್ಪಿಸು."

ಅವಳು ಬೆಳೆಗಳನ್ನು ಒಪ್ಪಿಸಿದಳು. ಒಂದೂ ತಪ್ಪಿಲ್ಲ. ಆದರೆ ನನ್ನ ಮುಖವನ್ನೇ ನೋಡುತ್ತ ಒಪ್ಪಿಸಿದಳು. ನಾನು ಟೀಚರಾಗಿಯೂ ಅದು ನನಗೆ ಹೊಳೆಯಲಿಲ್ಲ ನೋಡಿ.

ಶಾಲೆಯ ಹಾಲು

ಗುರುವಾರ ಬೆಳಿಗ್ಗೆ ಪ್ರದರ್ಶನ. ಅಲ್ಲಿ ಆಗ ಗುರುವಾರ, ಶುಕ್ರವಾರ ವಾರದ ರಜೆ, ತಂದೆ ತಾಯಿ ಬರಲೆಂದು ರಜೆಯ ದಿನವೇ ಇಟ್ಟಿದ್ದರು. ಲೂಸಿಯಾನಾದವರು ಅನ್ನ, ಏಡಿ, ಸಿಗಡಿ ತಿನ್ನುತ್ತಾರೆಂದು ಕೇಳಿದ್ದೇ ತಡ, ವಸಂತಿ ನಸುಕಿಗೆ ಎದ್ದು ತೆಂಗಿನಕಾಯಿ ಹುರಿದು ಏಡಿ ಸುಕ್ಕ ಮಾಡಿದಳು. ಇದಿನಬ್ಬರ ಅಂಗಡಿಯಿಂದ ನೀರುದೋಸೆ ಬಂತು, ಲೂಸಿಯಾನಾದಲ್ಲಿ ನೀರುದೋಸೆ ಇಲ್ಲವೆಂದು ನಾನು ಎಷ್ಟು ಹೇಳಿದರೂ. "ಅಕ್ಕಿ ಉಂಟಲ್ವಾ ಟೀಚರಮ್ಮ, ಅಕ್ಕಿ ಇದ್ದಲ್ಲಿ ದೋಸೆ ಸಹ ಆಗ್ತದೆ" ಎಂದರು.

ಹಾಲಿನಲ್ಲಿ ಏಸಿಯ ಚಳಿ. ಒಂದು ಮೇಜಿನಲ್ಲಿ ಟೆಕ್ಸಾಸ್, ಒಂದರಲ್ಲಿ ಫ್ಲಾರಿಡಾ, ಎಲ್ಲ ಥರ್ಮೋಕೋಲು. ನಮ್ಮದು ಒಂದೇ ಮಣ್ಣಿನದು. ಜನ ಬಂದು ಮುಟ್ಟಿ ನೋಡುವಾಗ ನನಗೆ ಸ್ವಲ್ಪ ಜಂಬ ಬಂತು. ನಿಶ್ಮಿತಾ ನೀಲಿ ಫ್ರಾಕು ಹಾಕಿ ಮೇಜಿನ ಹಿಂದೆ ನಿಂತಿದ್ದಳು. ಸುಧಾಕರರು ಪೇಪರ್ ಪ್ಲೇಟುಗಳಿಗೆ ಸುಕ್ಕ ಬಡಿಸುತ್ತಿದ್ದರು.

ಮಿಸ್ ಕ್ಯಾರಲ್ ಬಂದಳು. ನರೆತ ಕೂದಲು, ಹತ್ತಿ ಬಟ್ಟೆಯ ಉದ್ದ ಲಂಗ, ನನ್ನದೇ ವಯಸ್ಸಿರಬಹುದು. ನಿಶ್ಮಿತಾ ಶುರು ಮಾಡಿದಳು. ಸ್ಥಾನ ಆಯಿತು, ಮೇಲ್ಮೈ ಲಕ್ಷಣ ಆಯಿತು, ಸರಾಗವಾಗಿ ಪ್ರೇಕ್ಷಣೀಯ ಸ್ಥಳಗಳವರೆಗೆ ಬಂದು ನಿಂತಳು. ಜನ ಚಪ್ಪಾಳೆ ತಟ್ಟಿದರು. ನಾನು ಉಸಿರು ಬಿಟ್ಟೆ.

ಆಗ ಮಿಸ್ ಕ್ಯಾರಲ್ ಬಗ್ಗಿ ಒಂದು ಪ್ರಶ್ನೆ ಕೇಳಿದಳು. "ನಿನಗೆ ಅಲ್ಲಿ ಹೋಗಿ ಇರಲು ಇಷ್ಟವಾ?"

ಇದು ನನ್ನ ಆರು ತಲೆಬರಹಗಳಲ್ಲಿ ಇರಲಿಲ್ಲ. ನಿಶ್ಮಿತಾ ನನ್ನ ಕಡೆ ನೋಡಿದಳು. ಆಮೇಲೆ ಅವಳ ಅಪ್ಪನ ಕಡೆ ನೋಡಿದಳು. ಮತ್ತೆ ಇಂಗ್ಲಿಷಿನಲ್ಲಿ, ನಿಧಾನವಾಗಿ, ಯಾರೂ ಕಲಿಸದ ಮಾತು ಆಡಿದಳು. ನನಗೆ ನೆನಪಿರುವ ಹಾಗೆ ಅದು ಹೀಗಿತ್ತು.

"ಗೊತ್ತಿಲ್ಲ ಮಿಸ್. ಅಲ್ಲಿಯ ಕೆಲವು ಜನರನ್ನು ಹಡಗಿನಲ್ಲಿ ಹಾಕಿ ಕಳಿಸಿದ್ದರು. ಮಕ್ಕಳನ್ನು ಸಹ. ಆಮೇಲೆ ಅವರು ಅಕ್ಕಿ ತಿಂದರು, ಏಡಿ ಹಿಡಿದರು, ಅಲ್ಲೇ ಇದ್ದರು. ಆದರೆ ಮೊದಲು ಅವರಿಗೆ ತುಂಬ ಅಳು ಬಂದಿರಬಹುದು. ನನ್ನನ್ನು ಜೂನಿನಲ್ಲಿ ಇಂಡಿಯಾಕ್ಕೆ ಕಳಿಸುತ್ತಾರೆ, ದೊಡ್ಡಮ್ಮನ ಮನೆಗೆ. ಇಷ್ಟವಾ ಎಂದು ನನ್ನ ಹತ್ತಿರ ಯಾರೂ ಕೇಳಲಿಲ್ಲ. ನೀವು ಮಾತ್ರ ಕೇಳಿದ್ದು, ಅದೂ ಲೂಸಿಯಾನಾಕ್ಕೆ."

ಸುಧಾಕರರ ಕೈಯ ಸೌಟು ಹಾಗೇ ನಿಂತಿತು. ವಸಂತಿ ಸೆರಗು ಬಾಯಿಗೆ ಹಿಡಿದಳು. ಮಿಸ್ ಕ್ಯಾರಲ್ ಹುಡುಗಿಯ ಭುಜದ ಮೇಲೆ ಕೈಯಿಟ್ಟು, ನಮ್ಮ ಮೂವರ ಕಡೆ ಒಂದು ಸಲ ನೋಡಿ, ಪಕ್ಕದ ಮೇಜಿಗೆ ಹೋದಳು. ನನಗೆ ನೆಲ ಬಿರಿಯಬಾರದೇ ಎನಿಸಿತು. ನಿಶ್ಮಿತಾಳಿಗೆ ಪ್ರಥಮ ಬಹುಮಾನ ಬಂತು, ಬಹುಮಾನ ಏನೆಂದು ಈಗ ನೆನಪಿಲ್ಲ.

ಮತ್ತೆ ಹಮದ್ ಟೌನ್

ಮನೆಗೆ ಬಂದು ಗಂಡ ಹೆಂಡತಿ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತರು. ನೀವು ಹೇಳಬೇಕಿತ್ತು, ನೀನು ಹೇಳಬೇಕಿತ್ತು ಎಂದು. ನಾನು ಹುಡುಗಿಯ ಕೋಣೆಗೆ ಹೋದೆ. ಅವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು.

"ನಿನಗೆ ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತುಂಟಲ್ಲ ದೊಡ್ಡಮ್ಮ. ಸ್ಕೂಲ್ ಬಸ್ಸಲ್ಲಿ ಸಹ ಗೊತ್ತುಂಟು. ನೀವೆಲ್ಲ ಹೇಳ್ತೀರಿ ಅಂತ ನಾನು ವೇಟ್ ಮಾಡಿದ್ದು."

ನಾನು ಪಕ್ಕದಲ್ಲಿ ಕೂತೆ. ಹೊಸ ಮಂಚದ ವಿಚಾರ ಹೇಳಿದೆ. ಹಿತ್ತಿಲಿನ ಪೇರಳೆ ಮರ, ಮೂಲ್ಕಿಯ ಹೊಳೆ, ಸಂಜೆ ನಾನು ಮಾಡುವ ಗೋಳಿಬಜೆ, ಇವನ್ನೆಲ್ಲ ಹೇಳಿದೆ. ಹೇಳುತ್ತ ನನ್ನ ಸ್ವರ ಬೇಡುವವಳ ಸ್ವರವಾಗುತ್ತಿತ್ತು, ನನಗೇ ಕೇಳಿಸುತ್ತಿತ್ತು. ಅವಳು ಎಲ್ಲವನ್ನೂ ಕೇಳಿದಳು.

"ದೊಡ್ಡಮ್ಮ, ನೀವೇ ಇಲ್ಲಿ ಇರಿ. ಮತ್ತೆ ಹೋಗುದು ಬೇಡ."

"ಅದು ಹೇಗಾಗ್ತದೆ ಮಗಾ? ಅಲ್ಲಿ ನನ್ನ ಶಾಲೆ ಉಂಟು, ಮನೆ ಉಂಟು. ಇಲ್ಲಿ ಕೊತ್ತಂಬರಿ ಸೊಪ್ಪು ತರ್ಲಿಕ್ಕೆ ಹೋದ್ರೂ ದಾರಿ ತಪ್ಪುತ್ತೇನೆ."

"ಹೌದಲ್ಲ" ಎಂದಳು. "ನಂಗೆ ಅಲ್ಲಿ ಹಾಗೇ ಆಗ್ತದೆ."

ಮತ್ತೆ ಹತ್ತಿರ ಸರಿದು, "ನೀವು ಅಂದ್ರೆ ಇಷ್ಟ ದೊಡ್ಡಮ್ಮ. ಬಟ್ ಅಮ್ಮ, ಪಪ್ಪನನ್ನು ಬಿಟ್ಟು ಬೇಡ" ಎಂದು ನನ್ನ ಕೈ ಹಿಡಿದುಕೊಂಡಳು.

ನಾನು ಎದ್ದು ಅಡುಗೆಮನೆಗೆ ಹೋಗಿ, "ನಾನು ಅವಳನ್ನು ಕರ್ಕೊಂಡು ಹೋಗುದಿಲ್ಲ" ಎಂದೆ.

"ಎಂತ ಅಕ್ಕ ಈಗ ಹೀಗೆ ಹೇಳುದು? ಮೆಡಿಕಲ್ ಸೀಟು..." ಎಂದರು ಸುಧಾಕರರು.

"ಸೀಟು ಅವಳಿಗೆ ಬೇಕಾ ನಿಮಗೆ ಬೇಕಾ? ಹೋಗಿ ಕೇಳಿ."

"ಹತ್ತು ವರ್ಷದ ಹುಡುಗಿಯತ್ರ ಎಂತ ಕೇಳುದು?"

"ಇಷ್ಟ ಉಂಟಾ ಅಂತ ಕೇಳಿ. ಅಷ್ಟು ಕೇಳ್ಲಿಕ್ಕೆ ಬರುದಿಲ್ವಾ?" ಎಂದು ನಾನು ಕೂಗಿದೆ. ಶಾಲೆಯಲ್ಲಿ ಕೊನೆಯ ಬೆಂಚಿನವರಿಗೆ ಕೂಗುವ ಸ್ವರ ಅದು. ತಂಗಿಯ ಗಂಡನ ಮೇಲೆ ನಾನು ಸ್ವರವೆತ್ತಿದ್ದು ಅದೊಂದೇ ಸಲ.

ಅವರು ಹೋದರು. ಮಗಳ ಬಾಗಿಲಲ್ಲಿ ನಿಂತು, ಲುಂಗಿಯ ತುದಿ ಸರಿ ಮಾಡಿ, ಗಂಟಲು ಸರಿ ಮಾಡಿ, ಕೊನೆಗೆ ಕೇಳಿದರು. "ನಿಶೂ, ಊರಿಗೆ ಹೋಗ್ಲಿಕ್ಕೆ... ನಿಂಗೆ ಇಷ್ಟ ಉಂಟಾ?"

"ಇಲ್ಲ ಪಪ್ಪ."

ಅವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ವಸಂತಿ ಓಡಿ ಹೋಗಿ ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಮೂರೂ ಜನ ಅಲ್ಲಿ, ನಾನು ಇಲ್ಲಿ, ಬಾಣಲೆಯಲ್ಲಿ ಉಳಿದ ಏಡಿ ಸುಕ್ಕದ ಮುಂದೆ. ನನಗೂ ಅಳು ಬಂತು. ಸಿಟ್ಟೂ ಬಂತು. ಇಷ್ಟು ಸುಲಭದ ಪ್ರಶ್ನೆಯನ್ನು ಇವರು ಫೋನಿನಲ್ಲೇ ಕೇಳಿದ್ದರೆ ನಾನು ಸುಣ್ಣ ಹೊಡೆಸುತ್ತಿರಲಿಲ್ಲ, ಆಸೆಯನ್ನೂ ಪಡುತ್ತಿರಲಿಲ್ಲ.

ವಾಪಸು

ಪ್ರಾಜೆಕ್ಟು ಮುಗಿದಿತ್ತು, ಆದರೆ ನನ್ನ ರಜೆಯೂ ಮುಗಿದಿತ್ತು. ಮರ ನೋಡಲಿಲ್ಲ, ಕೋಟೆ ನೋಡಲಿಲ್ಲ. ಸುಧಾಕರರು ನಾಲ್ಕು ಸಲ, "ಇನ್ನೊಮ್ಮೆ ಬನ್ನಿ ಅಕ್ಕ, ಎಲ್ಲ ತೋರಿಸ್ತೇನೆ" ಎಂದರು. ನಿಲ್ದಾಣದಲ್ಲಿ ನಿಶ್ಮಿತಾ ನನ್ನ ಸೆರಗು ಹಿಡಿದು ಬಹಳ ಅತ್ತಳು. ಬರುವುದಿಲ್ಲ ಎಂದವಳೂ ಅವಳೇ, ಅಳುವವಳೂ ಅವಳೇ. ನಾನು, "ಸಾಕು, ಮೂಗು ಒರೆಸಿಕೋ" ಎಂದು ಗದರಿಸಿ ಒಳಗೆ ಬಂದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದೆನೋ ಏನೋ.

ಪಾಸ್‌ಪೋರ್ಟ್ ನೋಡುವಲ್ಲಿ ಎಳೆಯ ವಯಸ್ಸಿನ ಅಧಿಕಾರಿ ಕೂತಿದ್ದ. ನನ್ನ ಮುಖ, ಕೆಂಪಾದ ಕಣ್ಣು ನೋಡಿದ. ಪಾಪ, ಮರ್ಯಾದೆಯಿಂದಲೇ ಇಂಗ್ಲಿಷಿನಲ್ಲಿ ಕೇಳಿದ, "ಅಮ್ಮಾ, ಒಬ್ಬರೇ ಹೋಗುವುದಾ?"

"ಹೌದು ಮಾರಾಯ, ಒಬ್ಬಳೇ!" ಎಂದು ನಾನು ಕನ್ನಡದಲ್ಲಿ ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಬೆಚ್ಚಿ ಬಿದ್ದು ಠಸ್ಸೆ ಒತ್ತಿ ಪಾಸ್‌ಪೋರ್ಟ್ ನನ್ನ ಕಡೆಗೆ ಸರಿಸಿದ.